ಬೆಂಕಿ ಕಾಣದ ಗಾಜು

"ತಲೆ ಎತ್ತಬ್ಯಾಡ್ಲೇ ಬೋಳಿಮಗನೆ! ಕಣ್ಣು ಮುಚ್ಕಂಡು ಕುಂತ್ಕ. ಕುರಿ ಕುಂತಂಗೆ ಕುಂತ್ಕ!"

ಪಾಲಣ್ಣ ಕೂತ. ಅಂಗಿ ಬಿಚ್ಚಿಸಿ, ಬರಿಮೈಯಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದರು. ಅವನ ತಲೆಯಿಂದ ಎರಡು ಮೊಳ ಮೇಲೆ ಒಂದು ಕಬ್ಬಿಣದ ಚೌಕಟ್ಟು, ಆ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿದ ಬಸ್ಸಿನ ಮುಂಗಾಜು. ಎದುರಿಗೆ ದುರ್ಗದಿಂದ ಬಂದ ಮೂವರು ಬಸ್ ಮಾಲೀಕರು ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು. ಸುತ್ತಿಗೆ ಹಿಡಿದು ನಿಂತವನು ಮೇಸ್ತ್ರಿ ತಿಮ್ಮರಾಯಪ್ಪ. ಬೈಯುತ್ತಿದ್ದವನು ಕಾರ್ಖಾನೆಯ ಸಾಹುಕಾರ ಏಕಾಂತಪ್ಪ.

"ನೋಡ್ರಿ ಸ್ವಾಮಿ, ಮಾಮೂಲಿ ಗಾಜು ಒಡದ್ರೆ ಚೂರಿ ಆಗ್ತೈತೆ. ಒಂದೊಂದು ಮೊಳದುದ್ದ ಚೂರಿ. ಬಸ್ಸು ಎಲ್ಲೋ ಗುದ್ದಿತು ಅನ್ಕಳ್ರಿ, ಮುಂದೆ ಕುಂತೋನ ಕುತ್ಗೆ ಹೋಗಿರ್ತೈತೆ. ಇದು ಹಂಗಲ್ಲ, ಇದು ಬೆಂಕಿ ಕಂಡ ಗಾಜು. ಹೊಡೀಲೇ ತಿಮ್ಮರಾಯಪ್ಪ!"

ಸುತ್ತಿಗೆ ಬಿತ್ತು. ಗಾಜು ಅದನ್ನು ಪುಟಿಸಿ ವಾಪಸು ಕಳಿಸಿತು. ಮತ್ತೊಂದು ಏಟು. ಊಹೂಂ. ಬಸ್ ಮಾಲೀಕರು "ಅಬ್ಬಬ್ಬಾ" ಎಂದರು. ಮೂರನೆಯ ಸಲ ತಿಮ್ಮರಾಯಪ್ಪ ಸುತ್ತಿಗೆಯ ಚೂಪು ತುದಿಯಿಂದ ಗಾಜಿನ ಅಂಚಿಗೆ ಕುಟ್ಟಿದ. ಢಬ್ ಎಂದು ಪಟಾಕಿ ಹಾರಿದ ಸದ್ದಾಯಿತು. ಇಡೀ ಗಾಜು ಕಲ್ಲುಸಕ್ಕರೆಯ ಹರಳಾಗಿ ಪಾಲಣ್ಣನ ತಲೆ, ಹೆಗಲು, ಬೆನ್ನಿನ ಮೇಲೆ ಸುರಿಯಿತು.  

ಸಾಹುಕಾರನಿಗೆ ಅಷ್ಟು ಸಾಲಲಿಲ್ಲ. ಪಾಲಣ್ಣನ ಜುಟ್ಟು ಹಿಡಿದು ಬಗ್ಗಿಸಿ, ಚಪ್ಪಲಿ ಕಾಲನ್ನು ಅವನ ಬೆನ್ನಿನ ಮೇಲಿಟ್ಟು ಆ ಹರಳುಗಳನ್ನು ಗರಗರನೆ ಉಜ್ಜಿದ. "ಎಲ್ಲೈತೆ ರಕ್ತ? ತೋರ್ಸ್ರಿ, ಒಂದು ಹನಿ ಐತಾ?" ನಾಲ್ಕೈದು ಗೀರು ಬಿದ್ದಿದ್ದವು. "ಅದಾ? ಅದು ಅವ್ನ ತುರಿಕೆ ಬಿಡ್ರಿ. ಗೊಲ್ಲರ ನನ್ಮಗ, ಸ್ನಾನ ಮಾಡಿ ಎಷ್ಟು ದಿನ ಆತೋ!" ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮಾಲೀಕ ಎದ್ದುಹೋಗುವಾಗ ಕುಡಿದು ಮುಗಿಸಿದ ಎಳನೀರಿನ ಬುರುಡೆಯನ್ನು ಪಾಲಣ್ಣನ ಕೈಗೆ ಕೊಟ್ಟ, ಎಸೆದು ಬಾ ಎಂದು.

ಪಾಲಣ್ಣನಿಗೆ ಉರಿಯಿತು. ಆದರೆ ಇದನ್ನೂ ಹೇಳಬೇಕು, ಆ ಉರಿಯ ಒಳಗೇ ಒಂದು ಹೆಮ್ಮೆಯೂ ಇತ್ತು. ಆ ಗಾಜನ್ನು ಇಕ್ಕಳಕ್ಕೆ ತೂಗುಹಾಕಿ ಒಲೆಗೆ ಇಳಿಸಿದವನು ಅವನೇ. ತಲೆಯ ಮೇಲೆ ಒಡೆದರೂ ಕೊಲ್ಲದ ಗಾಜು ಮಾಡುವವನು ತಾನು ಎಂದು ತನ್ನ ಗೊಲ್ಲರ ಹಟ್ಟಿಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೋ!

ಕಾರ್ಖಾನೆ ಎಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಹಿರಿಯೂರು ಬಿಟ್ಟು ಐಮಂಗಲದ ದಿಕ್ಕಿಗೆ ಹೆದ್ದಾರಿ ಹಿಡಿದರೆ ಎಡಕ್ಕೆ ಒಂದು ತಗಡಿನ ಶೆಡ್ಡು, ಒಂದು ಇಟ್ಟಿಗೆಯ ಒಲೆ, ಒಂದು ಗೋಡೌನು, ಅಷ್ಟೇ. ಹಾಳೆಗಾಜು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಲಾರಿ ಮೇಲೆ ಬರುತ್ತಿತ್ತು. ಮೇಸ್ತ್ರಿ ಅದನ್ನು ಅಳತೆಗೆ ಕೊಯ್ಯುವನು. ಕೊಯ್ದ ಅಂಚು ಬಾಚಿಯಷ್ಟು ಹರಿತ. ಅದನ್ನು ನೀರು ಸುರಿಯುವ ಸಾಣೆಕಲ್ಲಿಗೆ ಹಿಡಿದು ತಿಕ್ಕಿ ನುಣುಪು ಮಾಡುವುದು ಹೆಂಗಸರ ಕೆಲಸ. ಪಾಲಣ್ಣನ ತಂಗಿ ನಾಗಕ್ಕ, ಅದೇ ಹಟ್ಟಿಯ ಬಸಮ್ಮ, ಇನ್ನೂ ನಾಲ್ಕು ಮಂದಿ. ಅವರ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕೊಯ್ಯುವುದು, ತೂತು ಕೊರೆಯುವುದು, ಏನಿದ್ದರೂ ಬೆಂಕಿಗೆ ಮುಂಚೆಯೇ ಮುಗಿಯಬೇಕು. ಬೆಂಕಿ ಕಂಡ ಮೇಲೆ ಆ ಗಾಜಿಗೆ ಒಂದು ಗೆರೆ ಎಳೆಯಹೋದರೂ ಕೈಯಲ್ಲೇ ಸಿಡಿದು ಪುಡಿಯಾಗುತ್ತದೆ.

ಅಂಚು ತಿಕ್ಕಿದ ಗಾಜಿನ ಕೆಳಮೂಲೆಗೆ ಪಾಲಣ್ಣ ಮೊಹರು ಒತ್ತುವನು. ರಬ್ಬರಿನ ಅಚ್ಚನ್ನು ಆಸಿಡ್ಡಿನ ಗಂಜಿಯಲ್ಲಿ ಅದ್ದಿ ಒತ್ತಿದರೆ ಗಾಜು ತಿಂದುಹೋಗಿ, ಇದು ಗಟ್ಟಿ ಗಾಜು ಎಂದು ಸಾರುವ ಬಿಳಿ ಅಕ್ಷರ ಮೂಡುತ್ತಿತ್ತು. ಅವನ ಉಗುರನ್ನೂ ಅದು ತಿಂದಿತ್ತು. ಆಮೇಲೆ ಗಾಜಿನ ಮೇಲಂಚನ್ನು ಎರಡು ಇಕ್ಕಳದಿಂದ ಕಚ್ಚಿಸಿ, ತೂಗುಹಾಕಿ, ಒಲೆಯೊಳಗೆ ಬಿಡುವುದು. ನಾಲ್ಕು ನಿಮಿಷ. ಗಾಜು ಮಂಕಾಗಿ ಕೆಂಪೇರಿ, ಇನ್ನೇನು ಬಳುಕಬೇಕು ಅನ್ನುವಾಗ ಸರಕ್ಕನೆ ಹೊರಗೆಳೆದು ಎರಡು ಕಡೆಯಿಂದ ಗಾಳಿಯಂತ್ರ ಬಿಡಬೇಕು. ಒಂದು ಗಳಿಗೆ ತಡವಾದರೂ ಕೆಟ್ಟಿತು. ಆ ಗಾಳಿಯ ಭೋರಾಟಕ್ಕೆ ಪಾಲಣ್ಣನ ಒಂದು ಕಿವಿ ಆಗಲೇ ಅರ್ಧ ಹೋಗಿತ್ತು.

"ಅದೆಂಗಣ್ಣಯ್ಯ, ಸುಟ್ಟು ಗಾಳಿ ಹಾಕಿದ್ರೆ ಗಟ್ಟಿ ಆಗ್ತೈತಾ?" ನಾಗಕ್ಕ ಒಂದು ದಿನ ಬುತ್ತಿ ಬಿಚ್ಚುತ್ತಾ ಕೇಳಿದ್ದಳು.

"ಮೇಲಿನ ಚರ್ಮ ಮೊದ್ಲು ತಣ್ಣಗಾಗಿ ಬಿಗ್ಕಂತೈತೆ ಕಣವ್ವ. ಒಳಗಿಂದು ಆಮ್ಯಾಕೆ ತಣ್ಣಗಾಗಿ ಚಿಕ್ಕದಾಗಾಕೆ ನೋಡ್ತೈತೆ, ಮೇಲಿಂದು ಬಿಡಲ್ಲ. ಒಳಗಿಂದು ಎಳೀತೈತೆ, ಮೇಲಿಂದು ತಡೀತೈತೆ. ಆ ಜಗ್ಗಾಟದಾಗೇ ಅದ್ರ ಶಕ್ತಿ ಇರಾದು. ಎಲ್ಲೋ ಒಂದು ಕಡೆ ಹರೀತು ಅಂದ್ರೆ ಎಲ್ಲಾ ಒಂದೇ ಸಲ ಬಿಟ್ಕಂತೈತೆ, ಅದ್ಕೇ ಪುಡಿಪುಡಿ."

"ಹಂಗಾರೆ ಅದೂ ನಮ್ಮಂಗೇ ಅನ್ನು" ಎಂದು ಅವಳು ನಕ್ಕಿದ್ದಳು. ಮುದ್ದೆ ಮುರಿದು ಅಣ್ಣನ ಕೈಗಿಟ್ಟಿದ್ದಳು. ಬರುವ ಮಾಘದಲ್ಲಿ ಅವಳ ಮದುವೆ ಗೊತ್ತಾಗಿತ್ತು.

ಎಪ್ಪತ್ನಾಲ್ಕರಲ್ಲಿ ಒಲೆಯ ಎಣ್ಣೆಗೆ ತತ್ವಾರ ಬಂತು. ಎಲ್ಲೋ ಅರಬ್ಬರ ದೇಶದಲ್ಲಿ ಜಗಳವಂತೆ, ಹಿರಿಯೂರಿನ ಒಲೆ ಮಧ್ಯಾಹ್ನಕ್ಕೇ ಆರತೊಡಗಿತು. ಆದರೆ ಮೊಹರು ಒತ್ತುವ ಗಾಜು ಒಂದೂ ಕಡಿಮೆಯಾಗಲಿಲ್ಲ. ಪಾಲಣ್ಣ ಒಂದು ಸಲ ಬಾಯಿಬಿಟ್ಟು ಕೇಳಿದ, "ಮೇಸ್ತ್ರಿ, ಮೊಹರು ಬಿದ್ದ ಗಾಜು ಅರ್ಧಕ್ಕರ್ಧ ಒಲೆಗೇ ಬರ್ತಿಲ್ವಲ್ಲ?"

"ಅವು ಬೆಂಗ್ಳೂರಿನ ದೊಡ್ಡ ಒಲೆಗೆ ಹೋಗ್ತಾವೆ ಕಣಲೇ. ನೀನೇನು ಇಂಜಿನಿಯರ್ರಾ? ಒತ್ತು ಅಂದ್ರೆ ಒತ್ತು!" ತಿಮ್ಮರಾಯಪ್ಪ ಅವನ ಮಣಿಕಟ್ಟು ಹಿಡಿದು ಆಸಿಡ್ಡಿನ ತಟ್ಟೆಗೆ ಅದುಮಿದ. ಪಾಲಣ್ಣ ಚೀರಿದ. ಸುಣ್ಣದ ನೀರಿಗೆ ಕೈ ಅದ್ದಿಕೊಂಡು ಒಂದು ವಾರ ಎಡಗೈಯಲ್ಲಿ ಉಂಡ. ಮತ್ತೆ ಕೇಳಲಿಲ್ಲ.

ಹೆದರಿ ಕೇಳಲಿಲ್ಲ ಎಂದರೆ ಅರ್ಧ ನಿಜ. ಉಳಿದರ್ಧ ಅವನ ಹುಟ್ಟಿನಿಂದ ಬಂದದ್ದು. ಹಟ್ಟಿಯಲ್ಲಿ ಕುರಿಮರಿಯ ಕಿವಿ ಕೊಯ್ದು ಗುರುತು ಹಾಕುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು. ಗುರುತು ಬಿದ್ದ ಮರಿ ಬಾಗೂರಿನ ಆಚೆ ಯಾರದೋ ಹಿಂಡಿಗೆ ಸೇರಿದರೂ, ಕಿವಿ ನೋಡಿದವರು ಹುಡುಕಿಕೊಂಡು ಬಂದು ಒಪ್ಪಿಸಿ ಹೋಗುತ್ತಾರೆ. ಗುರುತು ಸುಳ್ಳು ಹೇಳಬಹುದು ಎನ್ನುವುದು ಅವನ ವಂಶದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಮೊಹರು ಒತ್ತಿದರೆ ಮುಗಿಯಿತು, ಅದು ಗಟ್ಟಿ ಗಾಜು. ಹಾಗೆಂದು ನಂಬಿಬಿಟ್ಟಿದ್ದ.

ಅದೇ ವರ್ಷ ಒಂದು ದಿನ ಪಾಲಣ್ಣ ಬೆಳಗಿನ ಜಾವವೇ ನಡೆದು ಬಂದು ಒಲೆ ಹಚ್ಚಿದ್ದ. ಹೆಂಗಸರನ್ನು ಹಟ್ಟಿಯಿಂದ ಕರೆತರುತ್ತಿದ್ದುದು ಕಾರ್ಖಾನೆಯ ಹಳೇ ವ್ಯಾನು. ಅದಕ್ಕೂ ಈಚೆಗೆ ಕಾರ್ಖಾನೆಯದೇ ಮೊಹರಿನ ಮುಂಗಾಜು ಕೂರಿಸಿದ್ದರು. ಓಡಿಸುವವನು ಐಮಂಗಲದ ಮಾದಿಗರ ಕೇರಿಯ ಮಾರಣ್ಣ. ಎಂಟು ಗಂಟೆಯ ಹೊತ್ತಿಗೆ ಸೈಕಲ್ಲಿನವನೊಬ್ಬ ಗೇಟಿನಲ್ಲಿ ಕೂಗಿದ. ಎತ್ತೊಂದು ಅಡ್ಡ ಬಂದು ವ್ಯಾನು ಹುಣಸೆಮರಕ್ಕೆ ಗುದ್ದಿದೆ.

ಪಾಲಣ್ಣ ಎರಡು ಮೈಲಿ ಓಡಿದ. ಅವನಿಗಿಂತ ಮೊದಲೇ ಸಾಹುಕಾರ, ಮೇಸ್ತ್ರಿ ಇಬ್ಬರೂ ಜೀಪಿನಲ್ಲಿ ಬಂದು ಮುಟ್ಟಿದ್ದರು. ವ್ಯಾನಿನ ಮೂತಿ ಸ್ವಲ್ಪವೇ ಸ್ವಲ್ಪ ನಗ್ಗಿತ್ತು. ಮುಂಗಾಜಿನ ಚೌಕಟ್ಟು ಬರಿದು, ನೆಲ ಗುಡಿಸಿದಂತಿತ್ತು. ಮುಂದಿನ ಸೀಟಿನ ರೆಗ್ಜಿನ್ ಮೇಲೆ ರಕ್ತ ಮಡುಗಟ್ಟಿ, ಕೆಳಗಿನ ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ನಾಗಕ್ಕನನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಕುತ್ತಿಗೆಗೆ ತಿಮ್ಮರಾಯಪ್ಪನ ಟವೆಲ್ಲು ಸುತ್ತಿ ಬಿಗಿದಿತ್ತು. ಕಣ್ಣು ತೆರೆದೇ ಇದ್ದವು.

"ನಾಗವ್ವಾ! ಏಳೇ! ಏಳೇ ನನ್ನವ್ವ!" ಪಾಲಣ್ಣ ಅವಳನ್ನು ಅಪ್ಪಿಕೊಂಡು ನೆಲಕ್ಕೆ ತಲೆ ಚಚ್ಚಿಕೊಂಡ.

"ಗಾಜು ಕುಯ್ತು ಪಾಲಣ್ಣ," ಬಸಮ್ಮ ಬಂದು ಅವನ ತೋಳು ಹಿಡಿದಳು. ಅವಳ ಕೆನ್ನೆ ಸೀಳಿತ್ತು, ಸೀರೆಯೆಲ್ಲ ಕೆಂಪು. "ಗಾಜು ಬಂದು ಕುತ್ಗೆಗೆ ನೆಡ್ತು. ನಾನೇ ನೋಡ್ದೆ."

"ಸುಳ್ಳು!" ಪಾಲಣ್ಣ ಅವಳನ್ನು ದಬ್ಬಿದ. "ಆ ಗಾಜು ಕುಯ್ಯಲ್ಲ! ನನ್ ತಲೆ ಮ್ಯಾಲೆ ಒಡದವ್ರೆ, ನನಗೊತ್ತಿಲ್ವಾ? ಹೋಗಾಚೆ!"

ಸಾಹುಕಾರ ಹೆಗಲ ಮೇಲೆ ಕೈ ಹಾಕಿದ. ಏಕಾಂತಪ್ಪ ಪಾಲಣ್ಣನನ್ನು ಚಪ್ಪಲಿಯಿಲ್ಲದೆ ಮುಟ್ಟಿದ್ದು ಅದೇ ಮೊದಲು. "ನಮ್ ಗಾಜು ಪುಡಿಯಾಗಿ ಬಿತ್ತಪ್ಪ. ಬಾಗ್ಲಿನ ತಗಡು ತಾಗೈತೆ ಮಗೀಗೆ. ಆ ಮಾರ, ಹಲ್ಕಟ್ ನನ್ಮಗ, ಬೆಳಿಗ್ಗೇನೇ ಕುಡದು ಗಾಡಿ ಹತ್ತವನೆ. ಆಸ್ಪತ್ರೆಗೆ ಒಯ್ದ್ರೆ ಎಳೇ ಹೆಣ್ಣು, ಮೈಯೆಲ್ಲ ಕುಯ್ದು ಕೊಡ್ತಾರೆ. ಬ್ಯಾಡ, ಹಟ್ಟಿಗೇ ತಗಂಡೋಗು. ಪೊಲೀಸರಿಗೆ ನಾನು ಹೇಳ್ಕಂತೀನಿ."

ಪಾಲಣ್ಣ ಆ ಮಾತಿಗೆ ಸಾಹುಕಾರನ ಕಾಲು ಮುಟ್ಟಿದ. ಇವನಂಥ ಪುಣ್ಯಾತ್ಮ ಇಲ್ಲ ಎಂದುಕೊಂಡ, ಪಾಪ.

ಮೂರನೆಯ ದಿನ ಸಾಹುಕಾರ ಹಟ್ಟಿಗೇ ಬಂದ. ತಿಥಿಗೆಂದು ಎರಡು ಟಗರು ಹೊಡೆಸಿಕೊಂಡು ಬಂದಿದ್ದ. ಕುರಿ ಕಾಯುವವರಿಗೆ ಕುರಿಯ ದಾನ! ಹಟ್ಟಿಯ ದೇವರು ಜುಂಜಪ್ಪನ ಗುಡಿಯ ಮುಂದೆ ಗಂಡಸರು ಸೇರಿದರು. ಹೆಣ ತೊಳೆದ ತಾಯಿ ಗಂಗಕ್ಕ, ರಕ್ತ ಮೈಗಾದ ಬಸಮ್ಮ ಇಬ್ಬರೂ ಸೂತಕದವರು. ಅವರಿಗೆ ಹಟ್ಟಿಯ ಮುಳ್ಳುಬೇಲಿ ದಾಟುವಂತಿಲ್ಲ. ಬೇಲಿಯಾಚೆ ಗುಡ್ಲು ಹಾಕಿಕೊಟ್ಟಿದ್ದರು.

"ಗಾಜು ಕುಯ್ತು ಅಂತ ಹೆಂಗಸ್ರು ಬಾಯಿಗೆ ಬಂದಂಗೆ ಮಾತಾಡ್ತಾ ಅವರೆ," ಸಾಹುಕಾರ ಹಟ್ಟಿಯ ಯಜಮಾನ ಕಾಟಲಿಂಗಪ್ಪನಿಗೆ ಹೇಳಿದ. "ನನ್ ಮಾತು ಬ್ಯಾಡ ಯಜಮಾನ್ರೇ. ನಿಮ್ ಹುಡುಗ ಪಾಲಣ್ಣನೇ ದೇವ್ರ ಮುಂದೆ ಹೇಳ್ಲಿ. ವ್ಯಾನಿನ ಗಾಜಿಗೆ ಮೊಹರು ಹಾಕ್ದೋನು ಅವ್ನೇ."

ಕಾಟಲಿಂಗಪ್ಪ ಗುಡಿಯೊಳಗಿಂದ ಗಣೆ ತಂದ. ಜುಂಜಪ್ಪನ ಆಳುದ್ದದ ಆ ಕೊಳಲನ್ನು ಹಿಡಿದು ಸುಳ್ಳು ಹೇಳಿದ ಗೊಲ್ಲ ಇಲ್ಲ. ಸಾಹುಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು.

"ಮೊಹರು ನಿಂದೇ ಏನಪ್ಪ?" ಕಾಟಲಿಂಗಪ್ಪ ಕೇಳಿದ.

ಪಾಲಣ್ಣ ಗಣೆಗೆ ಹಣೆ ಹಚ್ಚಿದ. "ಹೌದು ಕಣಪ್ಪ. ವ್ಯಾನಿನ ಗಾಜಿಗೆ ಮೊಹರು ಒತ್ತಿದ್ದು ನನ್ ಕೈಯೇ. ಮೊಹರು ಬಿದ್ದ ಗಾಜು ಕುಯ್ಯಲ್ಲ. ಜುಂಜಪ್ಪನಾಣೆ."

"ಮಗಾ! ಬ್ಯಾಡ್ವೋ! ನನ್ ಮಾತು ಕೇಳೋ!" ಬೇಲಿಯಾಚೆಯಿಂದ ಗಂಗಕ್ಕ ಕೂಗಿದಳು. "ನನ್ತಾವ ಐತೆ, ಬಂದು ನೋಡ್ರೋ!" ಏನಿದೆ ಎಂದು ಯಾರೂ ಕೇಳಲಿಲ್ಲ. ಸೂತಕದ ಹೆಂಗಸಿನ ದನಿ ಗುಡಿಯ ಮುಂದೆ ಬಿತ್ತಲ್ಲ ಎಂದು ಒಬ್ಬ ಮಣ್ಣಿನ ಹೆಂಟೆ ತೆಗೆದು ಬೇಲಿಯತ್ತ ಬೀಸಿದ. ಅದು ಬಸಮ್ಮನ ಸೀಳಿದ ಕೆನ್ನೆಗೇ ಬಡಿಯಿತು. ಸಾಹುಕಾರ ಜೀಪು ಹತ್ತಿದ.

ಅದೇ ಜೀಪಿನಲ್ಲಿ ಪಾಲಣ್ಣನನ್ನು ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಠಾಣೆಗೆ ಕರೆದೊಯ್ದರು. ಅಲ್ಲಿ ಮಾರಣ್ಣನ ಕೈಗಳನ್ನು ಕಿಟಕಿಯ ಸರಳಿಗೆ ಕಟ್ಟಿ ನಿಲ್ಲಿಸಿದ್ದರು. ಬಲಗೈ ಮೂಳೆ ಮುರಿದು ಬಾತಿತ್ತು. ಆ ಮುರಿದ ಕೈಯನ್ನೇ ಸರಳಿಗೆ ಕಟ್ಟಿದ್ದರು. ಅಂಗಾಲಿಗೆ ಹೊಡೆದೂ ಹೊಡೆದೂ ನೆಲದ ಮೇಲೆ ಹಸಿ ಹೆಜ್ಜೆಗುರುತು ಬಿದ್ದಿತ್ತು. ಪೊಲೀಸರು ಮಾದಿಗರವನನ್ನು ಮುಟ್ಟುವುದಿಲ್ಲ ಎಂದೇನಿಲ್ಲ, ಲಾಠಿಯಲ್ಲಿ ಮುಟ್ಟುತ್ತಾರೆ.

"ಕುಡದಿರ್ಲಿಲ್ಲ ಪಾಲಣ್ಣ," ಮಾರಣ್ಣನ ತುಟಿ ಅಷ್ಟೇ ಆಡಿತು. "ಎತ್ತು ಬಂತು. ತಪ್ಪಿಸ್ದೆ. ಗಾಡಿ ಜೋರೂ ಇರ್ಲಿಲ್ಲ. ಗಾಜು ನೋಡಪ್ಪ, ಗಾಜು..."

"ಗಾಜು ಅನ್ಬ್ಯಾಡ ಸೂಳೆಮಗನೆ! ನನ್ ತಂಗಿ ತಿಂದ್ಯಲ್ಲೋ!" ಪಾಲಣ್ಣ ಅವನ ಹೊಟ್ಟೆಗೆ ಒದ್ದ. ಇನ್ನೊಂದು ಸಲ ಒದ್ದ. ಮಾರಣ್ಣ ಸರಳಿಗೆ ಜೋತುಬಿದ್ದು ವಾಂತಿ ಮಾಡಿಕೊಂಡ. ಸಬ್‌ಇನ್ಸ್‌ಪೆಕ್ಟರು ಸಿಗರೇಟು ಸೇದುತ್ತಾ ನೋಡಿದ. "ಸಾಕು ಬಿಡಯ್ಯ, ಸತ್ತುಗಿತ್ತಾನು. ಇಲ್ಲಿ ಹೆಬ್ಬೆಟ್ಟು ಒತ್ತು." ಪಾಲಣ್ಣ ಒತ್ತಿದ.

ಸೂತಕ ಕಳೆದ ದಿನ ಬೆಳಿಗ್ಗೆ ಗಂಗಕ್ಕ ಮಿಂದು, ಒದ್ದೆಯಲ್ಲೇ ಬೇಲಿ ದಾಟಿ ಬಂದಳು. ಮಗನ ಮುಂದೆ ಕೂತು ಮಡಿಲಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಅರ್ಧ ಗೇಣಿನ ಗಾಜು. ಒಂದು ತುದಿ ಈಚಲಗರಿಯಂತೆ ಸಪೂರ, ಇನ್ನೊಂದು ತುದಿ ಮೂರು ಬೆರಳಗಲ. ರಕ್ತ ಒಣಗಿ ಕಪ್ಪಾಗಿತ್ತು. ಅಗಲದ ತುದಿಯಲ್ಲಿ ಬಿಳಿ ಅಕ್ಷರದ ಮೊಹರು.

"ಆ ಮೇಸ್ತ್ರಿ ಟವಲ್ಲು ಬಿಚ್ಚಿದ್ರೆ ಇದಿತ್ತು. ನಿನ್ ತಂಗಿ ಕುತ್ಗೆ ಒಳಗೆ. ಮುಂದ್ಕೆ ಚಾಚ್ಕಂಡಿದ್ದುನ್ನ ಮುರದು ತಗಂಡವ್ರೆ, ಒಳಗಿದ್ದುದು ಬರ್ಲಿಲ್ಲ ಅಂತ ಬಟ್ಟೆ ಸುತ್ತವ್ರೆ. ನಾನು ಕಿತ್ತೆ ಕಣೋ. ಈ ಎರಡು ಕೈಲಿ ಹೆತ್ ಮಗಳ ಕುತ್ಗೆಯಿಂದ ಕಿತ್ತೆ." ಅವಳು ಅಳಲಿಲ್ಲ. "ನೀನು ಗಣೆ ಹಿಡ್ಕಂಡಿದ್ದೆ. ನಾನು ಬೇಲಿ ತಾವ ಬಡ್ಕಂತಿದ್ದೆ."

ಪಾಲಣ್ಣ ಗಾಜನ್ನು ಎತ್ತಿಕೊಂಡ. ಬೆರಳು ತಾಗಿದ್ದೇ ತಡ ಚರ್ಮ ಬಿಟ್ಟುಕೊಂಡಿತು. ನೋಡಲು ಇನ್ನೇನಿತ್ತು? ಬೆಂಕಿ ಕಂಡ ಗಾಜಿನಿಂದ ಕಡಲೆಕಾಳಿಗಿಂತ ದೊಡ್ಡ ಚೂರು ಹುಡುಕಿದರೂ ಸಿಗದು. ಅರ್ಧ ಗೇಣು!  ಗುಡಿಸಲಿನ ಮೂಲೆಗೆ ತೆವಳಿ ಹೋಗಿ ಕಾರಿಕೊಂಡ.

"ಇದು ಒಲೆ ಕಂಡಿಲ್ಲ ಅವ್ವ."

"ಮೊಹರು ಐತಲ್ಲೋ?"

"ನಂದೇ ಮೊಹರು. ಒಲೆಗಿಂತ ಮೊದ್ಲೇ ಒತ್ತೋದು ಅವ್ವ. ನಾನೇ ಒತ್ತಿ ಕೊಟ್ಟೆ. ನನ್ ತಂಗಿಗೆ ನಾನೇ ಒತ್ತಿ ಕೊಟ್ಟೆ." ಬಾಯಿ ಒರೆಸಿಕೊಂಡು ಎದ್ದ. "ನಾಳೆ ಮಾರಣ್ಣನ್ನ ಕೋರ್ಟಿಗೆ ಒಯ್ತಾರೆ."

ಗಾಜಿನ ಗಂಟು ಹಿಡಿದು ಠಾಣೆಗೆ ನಡೆದ. ಸಬ್‌ಇನ್ಸ್‌ಪೆಕ್ಟರು ಆ ತುಂಡನ್ನು ಅತ್ತಿತ್ತ ತಿರುಗಿಸಿ ನೋಡಿ, ನೆಲಕ್ಕೆ ಹಾಕಿ, ಬೂಟಿನ ಹಿಮ್ಮಡಿಯಿಂದ ತುಳಿದ. ಚಟ್ ಎಂದಿತು. ಮತ್ತೆ ಮತ್ತೆ ತುಳಿದು ಪುಡಿ ಮಾಡಿ, ಬಾಗಿಲಾಚೆ ಒದ್ದ. "ಎಲ್ಲೈತಲೇ ಗಾಜು? ತೋರ್ಸು, ಎಲ್ಲೈತೆ? ಹೆಬ್ಬೆಟ್ಟು ಒತ್ತಿದ ಮ್ಯಾಲೆ ಮಾತು ತಿರುಗಿಸ್ತೀಯಾ? ದೇವ್ರಾಣೆ ಬೇರೆ ಹಾಕೀಯಂತೆ!" ಲಾಠಿಯ ತುದಿ ಅವನ ಬಾಯಿಗೆ ಬಿತ್ತು. ಪಾಲಣ್ಣ ಎರಡು ಹಲ್ಲು ಉಗುಳಿದ. ಅವುಗಳ ಜೊತೆ ತಂಗಿಯನ್ನು ಕೊಂದ ಗಾಜಿನ ಪುಡಿಯೂ ಮೆಟ್ಟಿಲ ಮೇಲೆ ಹೊಳೆಯುತ್ತಿತ್ತು.

ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತ. ಒಂದು ತುಂಡು ತಂದರೆ ಒಂದು ಬೂಟು ಸಾಕು. ಗಾಡಿಗಟ್ಟಲೆ ಇದ್ದರೆ? ಇವತ್ತು ಮಧ್ಯಾಹ್ನ ದುರ್ಗದ ಬಸ್ಸುಗಳಿಗೆ ಹೋಗುವ ಲೋಡು ಗೋಡೌನಿನಲ್ಲಿ ನಿಂತಿದೆ. ಅದರಲ್ಲಿರುವ ಗಾಜಿಗೆಲ್ಲ ಮೊಹರು ಒತ್ತಿದವನು ತಾನೇ. ಆ ಬಸ್ಸುಗಳಲ್ಲಿ ಮುಂದೆ ಕೂರುವವರ ಮುಖಗಳು ಅವನಿಗೆ ಕಂಡವು, ಎಲ್ಲರಿಗೂ ನಾಗಕ್ಕನ ಕಣ್ಣುಗಳೇ ಇದ್ದವು. ಎದ್ದು ಹಟ್ಟಿಗೆ ಹೋಗಿ ತಾಯಿಗೂ ಬಸಮ್ಮನಿಗೂ ಎರಡೇ ಮಾತು ಹೇಳಿದ. ಅವರು ಉಳಿದ ಹೆಂಗಸರನ್ನೂ ಎಬ್ಬಿಸಿಕೊಂಡು ಅವನ ಹಿಂದೆ ನಡೆದರು. ಬೇಲಿ ದಾಟುವಾಗ ಕಾಟಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ. ಗಂಗಕ್ಕ ಅವನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

ಗೋಡೌನಿನ ಮುಂದೆ ಲಾರಿ ನಿಂತಿತ್ತು. ಹಮಾಲರು ಹುಲ್ಲು ಹಾಸುತ್ತಿದ್ದರು. ಪಾಲಣ್ಣ ಒಳಗೆ ನುಗ್ಗಿ, ಒಲೆ ಕೆದಕುವ ಸಲಾಕೆ ತೆಗೆದುಕೊಂಡ. ಗೋಡೆಗೆ ಸಾಲಾಗಿ ಒರಗಿಸಿದ ಮುಂಗಾಜುಗಳು. ಒಂದೊಂದರ ಮೇಲಂಚಿಗೂ ಹೆಬ್ಬೆರಳು ಎಳೆದ. ಒಲೆಗೆ ಇಳಿದಿದ್ದರೆ ಅಲ್ಲಿ ಇಕ್ಕಳ ಕಚ್ಚಿದ ಎರಡು ತಗ್ಗು ಸಿಗಬೇಕು, ಮೆತ್ತಗಾದ ಗಾಜಿಗೆ ಕಬ್ಬಿಣದ ಹಲ್ಲು ಊರಿದ್ದು. ತಗ್ಗು ಸಿಕ್ಕಿದ್ದನ್ನು ಎತ್ತಿ ಪಕ್ಕಕ್ಕೆ ಇಟ್ಟ. ಮುಂದಿನದು, ಇಲ್ಲ. ಸಲಾಕೆ ಬೀಸಿದ.

ಗಾಜು ಸೀಳಿಕೊಂಡು ಬಿತ್ತು. ಉದ್ದುದ್ದ ಕತ್ತಿಗಳು. ಇನ್ನೊಂದು, ತಗ್ಗಿಲ್ಲ, ಬೀಸಿದ. ಇನ್ನೊಂದು. "ಇದೂ ಇಲ್ಲ! ಇದೂ ಇಲ್ಲ ಕಣ್ರೋ!" ಎಂದು ಅರಚಿದ. ತೋಳು ಸೀಳಿತು, ಹಣೆ ಸೀಳಿತು. ರಕ್ತ ಕಣ್ಣಿಗಿಳಿದರೆ ಒರೆಸಿಕೊಂಡು ಮತ್ತೆ ಅಂಚು ಸವರಿದ.

ತಿಮ್ಮರಾಯಪ್ಪ ಓಡಿಬಂದ. "ಲೇ ಲೇ ಲೇ! ನಿನ್ ಮನೆ ಹಾಳಾಗ! ಬಿಡ್ಲೇ!" ಮರದ ರೀಪು ಎತ್ತಿ ಪಾಲಣ್ಣನ ಬೆನ್ನಿಗೆ ಬಾರಿಸಿದ. ಪಾಲಣ್ಣ ಮಂಡಿಯೂರಿದ, ಎದ್ದ, ಇನ್ನೊಂದು ಗಾಜು ಒಡೆದ. ಮತ್ತೆ ರೀಪು ಎತ್ತಿದ ಮೇಸ್ತ್ರಿಯ ಕೈಯನ್ನು ಬಸಮ್ಮ ಕಚ್ಚಿ ಹಿಡಿದಳು. ನಾಲ್ವರು ಹೆಂಗಸರು ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಮೇಸ್ತ್ರಿ ಅವ್ವ ಅಪ್ಪ ಎಂದ, ಯಾರೂ ಏಳಲಿಲ್ಲ.

ಸಾಹುಕಾರನೂ ಸಬ್‌ಇನ್ಸ್‌ಪೆಕ್ಟರೂ ಜೀಪಿನಲ್ಲಿ ಬರುವ ಹೊತ್ತಿಗೆ ಕೊನೆಯ ಗಾಜೂ ಮುಗಿದಿತ್ತು. ಮೊಣಕಾಲೆತ್ತರ ಕತ್ತಿಗಳ ರಾಶಿ. ಪಕ್ಕದ ಗೋಡೆಗೆ ಒಂಬತ್ತು ಗಾಜು ಮಾತ್ರ ಪೂರ್ತಿ ನಿಂತಿದ್ದವು. ಪಾಲಣ್ಣ ರಾಶಿಯ ಮುಂದೆ ಸಲಾಕೆ ಊರಿಕೊಂಡು ನಿಂತಿದ್ದ. ಮೈ ಮೇಲೆ ರಕ್ತವಿಲ್ಲದ ಜಾಗ ಹುಡುಕಬೇಕಿತ್ತು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಗಳು ನಿಂತು, ಜನ ಬಾಗಿಲಿಗೆ ಮುತ್ತಿದ್ದರು.

"ಒದ್ದು ಒಳಗಾಕ್ರಿ ಸಾರ್!" ಸಾಹುಕಾರ ಹಾರಾಡಿದ. "ನನ್ ಮಾಲೆಲ್ಲ ಹಾಳು ಮಾಡವ್ನೆ! ಕೇಸು ಜಡೀರಿ! ಜೈಲಲ್ಲಿ ಕೊಳೀಬೇಕು ಬೇವರ್ಸಿ ನನ್ಮಗ!"

ಪಾಲಣ್ಣ ಸಲಾಕೆಯನ್ನು ಅವರ ಕಾಲ ಬುಡಕ್ಕೆ ಎಸೆದ. ಎರಡೂ ಕೈ ಜೋಡಿಸಿ ಮುಂದೆ ಚಾಚಿದ.

"ಜಡೀರಿ ಸಾಮಿ. ಒಡದೋನು ನಾನೇ. ಏನು ಒಡದೆ ಅಂತ ಬರೀರಿ. ಪಂಚನಾಮೆ ಮಾಡ್ರಿ. ಈ ತುಂಡೆಲ್ಲ ಗಾಡೀಲಿ ತುಂಬ್ಕಂಡು ಹೋಗಿ ಜಡ್ಜ್ ಮುಂದೆ ಸುರೀರಿ. ಮಾರಣ್ಣನ್ನ ನಿಲ್ಸಿರ್ತೀರಲ್ಲ, ಅವ್ನ ಪಕ್ಕಾನೇ ಸುರೀರಿ."

ಸಬ್‌ಇನ್ಸ್‌ಪೆಕ್ಟರು ರಾಶಿಯ ಕಡೆ ನೋಡಿದ. ಇದು ಒಂದು ಬೂಟಿಗೆ ಪುಡಿಯಾಗುವ ರಾಶಿಯಲ್ಲ. ಲಾರಿ ಡ್ರೈವರು ಒಳಗೆ ಬಂದು ಮೊಳದುದ್ದದ ಒಂದು ತುಂಡನ್ನು ಟವೆಲ್ಲಿನಲ್ಲಿ ಹಿಡಿದೆತ್ತಿ ಮೊಹರು ನೋಡಿದ. "ಥೂ ನಿಮ್ಮ!" ಎಂದ. "ಇದೇ ಮೊಹರು ನನ್ ಲಾರಿ ಗಾಜಿಗೂ ಐತಲ್ಲಯ್ಯ!"

ಏಕಾಂತಪ್ಪನ ಮುಖದಲ್ಲಿ ಬಣ್ಣ ಇಳಿಯಿತು. ಕೇಸು ಜಡಿದರೆ ಈ ರಾಶಿಯೇ ಸಾಕ್ಷಿ ಎಂದು ಈಗ ತಿಳಿಯಿತು ಅವನಿಗೆ. "ಬ್ಯಾಡ, ಕೇಸು ಬ್ಯಾಡ," ಅವನು ಸಬ್‌ಇನ್ಸ್‌ಪೆಕ್ಟರ ತೋಳು ಹಿಡಿದುಕೊಂಡ. "ಪಾಪದೋನು, ತಂಗಿ ಸತ್ತ ದುಃಖಕ್ಕೆ ತಲೆ ಕೆಟ್ಟೈತೆ. ನಾನು ಕ್ಷಮಿಸೀನಿ, ಬಿಟ್ಬಿಡ್ರಿ. ಯಾರಲ್ಲಿ? ಪೊರಕೆ ತರ್ರೋ! ಗುಡಿಸ್ರಿ ಮೊದ್ಲು, ಗುಡಿಸ್ರಿ!"

ಹಮಾಲರಲ್ಲಿ ಯಾರೂ ಕದಲಲಿಲ್ಲ. ಸಾಹುಕಾರ ತಾನೇ ಮೂಲೆಯ ಪೊರಕೆ ಎತ್ತಿಕೊಂಡು ಬಂದ. ಗಂಗಕ್ಕ ರಾಶಿಯ ಮುಂದೆ ನೆಲದಲ್ಲಿ ಕಾಲು ಚಾಚಿ ಕೂತುಬಿಟ್ಟಳು. ಬಸಮ್ಮ ಕೂತಳು. ಮೇಸ್ತ್ರಿಯ ಮೇಲೆ ಕೂತಿದ್ದವರೂ ಎದ್ದು ಬಂದು ಸುತ್ತ ಕೂತರು. ಗಂಗಕ್ಕನ ತೊಡೆಯ ಕೆಳಗೆ ಗಾಜು ಒತ್ತಿ ಸೀರೆ ಕೆಂಪಾಗತೊಡಗಿತು.

"ಬಾ," ಅವಳು ಸಾಹುಕಾರನಿಗೆ ಹೇಳಿದಳು. "ನನ್ನೂ ಸೇರಿಸಿ ಗುಡಿಸು, ಬಾ."

ಪೊರಕೆ ಅವನ ಕೈಯಲ್ಲೇ ಉಳಿಯಿತು. ಪಾಲಣ್ಣನ ಚಾಚಿದ ಕೈಗಳಿಂದ ರಕ್ತ ಸಬ್‌ಇನ್ಸ್‌ಪೆಕ್ಟರ ಬೂಟಿನ ಮೇಲೆ ಹನಿಯುತ್ತಿತ್ತು. ಬಾಗಿಲಲ್ಲಿ ಜನ ಇನ್ನೂ ಸೇರುತ್ತಿದ್ದರು. ಸಬ್‌ಇನ್ಸ್‌ಪೆಕ್ಟರು ಜೇಬಿನಿಂದ ಪೆನ್ನು ತೆಗೆದ, ಸಾಹುಕಾರನ ಮುಖ ನೋಡಿದ, ಜನರನ್ನು ನೋಡಿದ. ಮುಚ್ಚಳ ಬಿಚ್ಚಲಿಲ್ಲ.

"ಬರ್ಕಳ್ರಿ ಸಾಮಿ," ಎಂದ ಪಾಲಣ್ಣ.

ಪೆನ್ನು ಅಲ್ಲಾಡಲಿಲ್ಲ. ಪಾಲಣ್ಣ ಒಂದು ಹೆಜ್ಜೆ ಮುಂದಿಟ್ಟ.

"ಬರ್ಕಳಲೇ!"